ಬಿಲ್ಲಿನ ಕೊನೆಯ ಸಾಲು
ಸ್ಯಾನ್ ಫ್ರಾನ್ಸಿಸ್ಕೋದ ದುಬಾರಿ ಬಿಸ್ತ್ರೋಗಳಲ್ಲಿ ಊಟ ಚೆನ್ನಾಗೇ ಇರುತ್ತೆ. ನನ್ನ ತಕರಾರು ಬಿಲ್ಲಿನ ಕೊನೆಯಲ್ಲಿ ಸೇರಿಕೊಳ್ಳೋ 'ಎಸ್‌ಎಫ್ ಮ್ಯಾಂಡೇಟ್' ಶುಲ್ಕದ ಬಗ್ಗೆ. ತುಂಬಾ ಜನ ಅದನ್ನು ಸರ್ಕಾರದ ತೆರಿಗೆ ಅಂದ್ಕೊಂಡಿದ್ದಾರೆ. 2008ರಿಂದ ಜಾರಿಯಲ್ಲಿರುವ ನಗರದ ಕಾನೂನು, ನೌಕರರ ಆರೋಗ್ಯಕ್ಕೆ ಖರ್ಚು ಮಾಡಿ ಅಂತ ಹೇಳೋದು ಮಾಲೀಕರಿಗೆ. ಅದನ್ನು ಗಿರಾಕಿಯ ಬಿಲ್ಲಿಗೆ ಬೇರೆ ಸಾಲಾಗಿ ಹಾಕಿ ಅಂತ ಎಲ್ಲೂ ಹೇಳಿಲ್ಲ.

ಬಾಡಿಗೆಗೆ ಬೇರೆ ಸಾಲಿಲ್ಲ, ಎಣ್ಣೆಗಿಲ್ಲ. ಅಡುಗೆಯವರ ಆರೋಗ್ಯಕ್ಕೆ ಮಾತ್ರ ಯಾಕ್ರೀ?

ಬಚ್ಚಿಟ್ಟ ಶುಲ್ಕಗಳನ್ನು ನಿಷೇಧಿಸೋ ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈ 1ಕ್ಕೆ ಜಾರಿಯಾಗಬೇಕಿತ್ತು. ಅದಕ್ಕೆ ಮುನ್ನವೇ ರೆಸ್ಟೋರೆಂಟ್‌ಗಳಿಗೆ ವಿನಾಯಿತಿ ಸಿಕ್ಕಿತು. ಸ್ಪಷ್ಟವಾಗಿ ಬರೆದು ತೋರಿಸಿದರೆ ಸಾಕಂತೆ! ನಮ್ಮ ದರ್ಶಿನಿಯ ಬೋರ್ಡನ್ನು ನೆನಪಿಸ್ಕೊಳ್ಳಿ: ಬರೆದಷ್ಟು ಕೊಟ್ಟರೆ ಮುಗೀತು. ಇಲ್ಲೂ ಅಷ್ಟೇ ಕೇಳೋಣ. ಬೇಕಾದರೆ ಬೆಲೆ ಏರಿಸಲಿ, ಆದರೆ ಮೆನುವಿನಲ್ಲೇ ಏರಿಸಲಿ.