ಬೋರಿನೊಳಗಿನ ಮೋಟರು ಯಾವ ವಹಿಯಲ್ಲಿದೆ?

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಗಳು,
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಬೆಂಗಳೂರು.

ವಿಷಯ: ಸ್ಥಿರಾಸ್ತಿ ವಹಿಗೂ ಚರಾಸ್ತಿ ವಹಿಗೂ ಸೇರದೆ ಕಾಣೆಯಾಗುವ ಸಾರ್ವಜನಿಕ ಸ್ವತ್ತು.

ಮಾನ್ಯರೆ,

ಧಾರವಾಡ ತಾಲೂಕಿನ ಹೆಬ್ಬಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ತಕರಾರು ನಮ್ಮೂರ ಪಂಚಾಯತಿಯ ಮೇಲಲ್ಲ. ನಾನು ಕಂಡದ್ದು ಬೀಗರ ಊರಿನಲ್ಲಿ. ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಬಡ ವಾಟರ್‌ಮನ್ ಒಬ್ಬನ ತಲೆಗೆ ಎಲ್ಲವನ್ನೂ ಕಟ್ಟಿ ಫೈಲು ಮುಚ್ಚಿಬಿಡುತ್ತಾರೆ, ರೋಗ ಮಾತ್ರ ಇದ್ದಲ್ಲೇ ಇರುತ್ತದೆ.

ಬೇಸಿಗೆಯಲ್ಲಿ ಅಲ್ಲಿನ ಕುಡಿಯುವ ನೀರಿನ ಬೋರಿನ ಮೋಟರು ಸುಟ್ಟಿತು. ಮೋಟರು ಎತ್ತುವವರು ಬಂದು ಪೈಪು, ಕೇಬಲ್, ಮೋಟರು ಎಲ್ಲವನ್ನೂ ಮೇಲೆಳೆದು, ರಿವೈಂಡಿಂಗಿಗೆಂದು ಗಾಡಿಯಲ್ಲಿ ಹೇರಿಕೊಂಡು ಹೋದರು. ಕೆಲವು ದಿನ ಬಿಟ್ಟು ಹೊಸ ಮೋಟರು ಇಳಿಯಿತು, ಬಿಲ್ಲೂ ಪಾಸಾಯಿತು. ಹಳೆಯದು ಎಲ್ಲಿ? ಸುಟ್ಟ ಮೋಟರಿನಲ್ಲೂ ತಾಮ್ರದ ತಂತಿ ಇರುತ್ತದೆ, ಗುಜರಿಯವರು ಅದಕ್ಕೆ ಎಣಿಸಿ ದುಡ್ಡು ಕೊಡುತ್ತಾರೆ. ಪಂಚಾಯತಿ ಕಚೇರಿಯಲ್ಲಿ ಕೇಳಿದೆ. ಸಿಟ್ಟಿಲ್ಲದೆ, ನಗುನಗುತ್ತಲೇ ಉತ್ತರ ಕೊಟ್ಟರು: "ಅದು ಬೋರಿನಾಗ ಇತ್ತಲ್ರೀ ಸರ. ಬೋರು ಸ್ಥಿರಾಸ್ತಿ. ಚರಾಸ್ತಿ ವಹಿಯೊಳಗ ಅದು ಬರಂಗಿಲ್ಲ."

ಸ್ಥಿರಾಸ್ತಿ ವಹಿ ತೆಗೆಸಿ ನೋಡಿದರೆ "ಕೊಳವೆ ಬಾವಿ" ಎಂದು ಒಂದು ಸಾಲು. ಬಾವಿ ಇದ್ದಲ್ಲೇ ಇದೆ, ಹಾಗಾಗಿ ಲೆಕ್ಕ ಸರಿ! ಚರಾಸ್ತಿ ವಹಿಯಲ್ಲಿ ಕುರ್ಚಿ, ಕಪಾಟು, ಕಂಪ್ಯೂಟರು, ಗೋಡೆ ಗಡಿಯಾರ. ಗಡಿಯಾರದ ಬೆನ್ನಿಗೂ ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಇಡೀ ಊರಿಗೆ ನೀರೆತ್ತುವ ಯಂತ್ರಕ್ಕೆ ಎಲ್ಲೂ ಒಂದು ನಂಬರಿಲ್ಲ. ಭೂಮಿಯೊಳಗೆ ಇರುವಷ್ಟು ದಿನ ಅದು ಬಾವಿಯ ಭಾಗ. ಮೇಲೆ ಬಂದ ದಿನ ಯಾರದ್ದೂ ಅಲ್ಲ.

ಕಾನೂನು ಇಷ್ಟು ಮರೆಗುಳಿಯಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮದಂತೆ ಭೂಮಿ, ಭೂಮಿಯಿಂದ ಹುಟ್ಟುವ ಪ್ರಯೋಜನಗಳು, ಭೂಮಿಗೆ ಅಂಟಿಕೊಂಡ ವಸ್ತುಗಳು, ಅಂಟಿಕೊಂಡದ್ದಕ್ಕೆ ಶಾಶ್ವತವಾಗಿ ಬಿಗಿದ ವಸ್ತುಗಳು ಸ್ಥಿರಾಸ್ತಿ, ಉಳಿದದ್ದೆಲ್ಲ ಚರ. ಕಳ್ಳತನದ ಕಲಮು ಇನ್ನೂ ಚುರುಕಾಗಿದೆ. ಹಳೆಯ ದಂಡಸಂಹಿತೆಯ 378ನೇ ಕಲಮಿನಲ್ಲಿದ್ದ ವಿವರಣೆಯೇ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ರಲ್ಲೂ ಇದೆ. ಭೂಮಿಗೆ ಅಂಟಿಕೊಂಡಿರುವ ತನಕ ವಸ್ತುವನ್ನು ಕದಿಯಲು ಬರುವುದಿಲ್ಲ. ಭೂಮಿಯಿಂದ ಬೇರ್ಪಟ್ಟ ಕ್ಷಣಕ್ಕೇ ಅದು ಕಳವಾಗಬಲ್ಲ ಮಾಲು. ಆ ಒಂದು ಕ್ಷಣ ಪೊಲೀಸರ ಪುಸ್ತಕಕ್ಕೆ ಗೊತ್ತು. ನಿಮ್ಮ ವಹಿಗೆ ಗೊತ್ತಿಲ್ಲ. ಠಾಣೆಗೆ ದೂರು ಒಯ್ದರೆ ಅವರು ಮೊದಲು ಕೇಳುವುದೇ "ಇಂಥ ಮೋಟರು ಪಂಚಾಯತಿಯದಾಗಿತ್ತು ಅನ್ನಲಿಕ್ಕೆ ದಾಖಲೆ ಏನು?" ಎಂದು.

ಬೋಲ್ಟು ಬಿಗಿದ ಯಂತ್ರ ಸ್ಥಿರವೋ ಚರವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಎಷ್ಟೋ ಸಲ ಹೋಗಿದೆ. ಸಿರ್ಪುರ ಕಾಗದ ಗಿರಣಿಯ ಪ್ರಕರಣದಲ್ಲಿ, ಅಲುಗಾಡದಿರಲೆಂದು ಕಾಂಕ್ರೀಟಿಗೆ ಬಿಗಿದ ಮಾತ್ರಕ್ಕೆ ಯಂತ್ರ ಸ್ಥಿರಾಸ್ತಿಯಾಗದು ಎಂದಿತು. 2010ರಲ್ಲಿ ಡಾಂಬರು ಮಿಶ್ರಣ ಮಾಡುವ ಘಟಕದ ಬಗ್ಗೆಯೂ ಅದೇ ಮಾತು: ಒಂದೂವರೆ ಅಡಿ ಅಡಿಪಾಯಕ್ಕೆ ನಟ್ಟು ಬೋಲ್ಟು ಹಾಕಿ ನಿಲ್ಲಿಸಿದ್ದರೂ ಅದು ಬಿಚ್ಚಿ ಒಯ್ಯಬಹುದಾದ ಸರಕು. ಯಾಕೆ ಬಿಗಿದಿದ್ದಾರೆ, ನೆಲದ ಅನುಕೂಲಕ್ಕೋ ಯಂತ್ರದ ಅನುಕೂಲಕ್ಕೋ, ಕೆಡದಂತೆ ತೆಗೆಯಲು ಬರುತ್ತದೆಯೋ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಈ ಒರೆಗೆ ಹಚ್ಚಿದರೆ ಕೊರೆದ ಬಾವಿ ಮತ್ತು ಕೇಸಿಂಗ್ ಸ್ಥಿರ. ಪೈಪಿಗೆ ಜೋತುಬಿದ್ದು ಕೆಟ್ಟಾಗಲೆಲ್ಲ ಮೇಲೆ ಬರುವ ಮೋಟರು ಚರ ಎಂದೇ ನನಗನ್ನಿಸುತ್ತದೆ. ವಕೀಲರು ಬೇರೆ ಹೇಳಿಯಾರು, ಹೇಳಲಿ. ಯಾವುದಾದರೂ ಒಂದು ವಹಿಯಲ್ಲಿ ಅದು ಇರಲಿ ಎಂಬುದಷ್ಟೇ ನನ್ನ ಹಟ.

ಮೊಬೈಲ್ ಟವರಿನ ಕಥೆ ಇನ್ನೂ ಸ್ವಾರಸ್ಯದ್ದು. 2016ರ ಡಿಸೆಂಬರಿನಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, ಆಸ್ತಿ ತೆರಿಗೆಯ ಮಟ್ಟಿಗೆ ಟವರು ಕಟ್ಟಡವೆಂದು ಸುಪ್ರೀಂ ಕೋರ್ಟು ಒಪ್ಪಿತು. 2024ರ ನವೆಂಬರಿನಲ್ಲಿ, ಅಬಕಾರಿ ಸುಂಕದ ಜಮೆ ಕೇಳಿದ ಕಂಪನಿಗಳ ಪ್ರಕರಣದಲ್ಲಿ ಟವರು ಚರ ಸರಕು ಎಂದಿತು. ಎರಡೂ ಸರಿಯೇ, ಎರಡರ ಉದ್ದೇಶ ಬೇರೆ. ಟವರಿನಿಂದ ತೆರಿಗೆ ವಸೂಲು ಮಾಡಬೇಕಾದಾಗ ಈ ಸೂಕ್ಷ್ಮವೆಲ್ಲ ಸರಕಾರಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ತನ್ನ ಸ್ವಂತ ಸಾಮಾನಿನ ವಿಷಯ ಬಂದಾಗ ಮಾತ್ರ ಕಣ್ಣಿಗೆ ಮಂಜು.

ಬೋರು ಒಂದೇ ಅಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿ. ಶೆಡ್ಡು ಸ್ಥಿರವಾಗಿ ನಿಂತಿರುತ್ತದೆ, ಬಣ್ಣ ಬಳಿದ ಬೋರ್ಡೂ ಇರುತ್ತದೆ; ಒಳಗಿನ ಮೆಂಬ್ರೇನು, ಪಂಪು, ಕಾಯಿನ್ ಪೆಟ್ಟಿಗೆ ಇವೆಯೋ ಇಲ್ಲವೋ ಎಂದು ವಹಿ ನೋಡಿದವರಿಗೆ ತಿಳಿಯದು. ಸೋಲಾರ್ ಬೀದಿದೀಪದ ಕಂಬ ಉಳಿಯುತ್ತದೆ, ಬ್ಯಾಟರಿ ಹೋಗುತ್ತದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮಲ್ಲಿ "ಮನೆ ಮನೆಗೆ ಗಂಗೆ" ಎಂಬ ಹೆಸರಿನಲ್ಲಿ ಬಂತು. ಅದರ ವಾಲ್ವು, ಮೀಟರು, ಪ್ಯಾನಲ್ ಬೋರ್ಡುಗಳೆಲ್ಲ ಗುತ್ತಿಗೆದಾರರ ಕೈಯಿಂದ ಪಂಚಾಯತಿಗಳ ಕೈಗೆ ಬರುವಾಗ "ಯೋಜನೆ" ಎಂಬ ಒಂದೇ ಸಾಲಾಗಿ ಬಂದರೆ, ಇದೇ ಹಾಡು ದೊಡ್ಡ ದನಿಯಲ್ಲಿ ಕೇಳಬೇಕಾದೀತು.

ನಮ್ಮ ಖಾಸಗಿ ಆಸ್ತಿಯ ಮೇಲೆ ಮಾತ್ರ ಎಂಥ ಕಣ್ಣು! ಮನೆ ಜಾಗಕ್ಕೆ ಇ-ಸ್ವತ್ತಿನ ನಮೂನೆ ಬೇಕು, ಚೆಕ್ಕುಬಂದಿ ಬೇಕು, ಫೋಟೋ ಬೇಕು. 2020ರಲ್ಲಿ ಸ್ವಾಮಿತ್ವ ಯೋಜನೆ ಬಂದಮೇಲೆ ಗಾವಠಾಣದ ಮೇಲೆ ಡ್ರೋನೇ ಹಾರಿತು. ಪಂಚಾಯತಿಯ ಸ್ವಂತ ಮೋಟರಿನ ಮೈಮೇಲೆ ಕಂಪನಿಯವರೇ ಕ್ರಮಸಂಖ್ಯೆ ಒತ್ತಿ ಕಳಿಸಿರುತ್ತಾರೆ. ಅದನ್ನು ನೋಡಿ ಬರೆದುಕೊಳ್ಳಲು ಒಂದು ಪೆನ್ನು ಸಾಕು.

ಅಮೆರಿಕದ ಕೇಂದ್ರ ಸರಕಾರದ ಸ್ವತ್ತಿನ ನಿಯಮಗಳಲ್ಲಿ ಸ್ಥಿರ, ಚರ ಎಂಬ ಎರಡರ ನಡುವೆ ಇನ್ನೊಂದು ವರ್ಗವಿದೆ: ಸ್ಥಿರಾಸ್ತಿಯ ಅವಿಭಾಜ್ಯ ಭಾಗವಾಗಿರುವ, ತೆಗೆದರೆ ಆ ಸ್ಥಿರಾಸ್ತಿಯ ಬೆಲೆಯೇ ಇಳಿದುಹೋಗುವ ಚರಾಸ್ತಿ. ನಾನು ಕೇಳುವುದೂ ಅಂಥದೇ ಒಂದು ಅಂಕಣ. ಪಿಡಿಒಗಳ ಮೇಲೆ ಈಗಾಗಲೇ ಹೊರಲಾರದಷ್ಟು ವಹಿಗಳಿವೆ, ಹೊಸದೊಂದನ್ನು ಹೇರಬೇಡಿ. ಪಂಚತಂತ್ರ ತಂತ್ರಾಂಶದಲ್ಲಿ ಪ್ರತಿ ಸ್ಥಿರಾಸ್ತಿಯ ಕೆಳಗೆ, ಬಿಚ್ಚಿ ತೆಗೆಯಬಹುದಾದ ಭಾಗಗಳ ಪಟ್ಟಿಗೆ ಜಾಗ ಮಾಡಿ: ಕಂಪನಿ, ಎಚ್‌ಪಿ, ಕ್ರಮಸಂಖ್ಯೆ, ಇಳಿಸಿದ ತಾರೀಖು. ಮೋಟರು ಮೇಲೆ ಬಂದ ದಿನವೇ ಅದು ದಾಸ್ತಾನು ವಹಿಗೆ ಏರಲಿ, ಒಯ್ದವರ ಸಹಿ ಇರಲಿ. ಹಳೆಯದು ವಾಪಸು ಬಂದ ದಾಖಲೆಯಿಲ್ಲದೆ, ಇಲ್ಲವೇ ಹರಾಜಿನ ಹಣ ಜಮೆಯಾಗದೆ ಹೊಸ ಮೋಟರಿನ ಬಿಲ್ಲು ಪಾಸಾಗದಿರಲಿ. ಇವುಗಳಲ್ಲಿ ಮುಖ್ಯವಾದದ್ದು ಈ ಕೊನೆಯದು. ಮಿಕ್ಕವು ಅದರ ಬೆನ್ನಿಗೇ ಬರುತ್ತವೆ.

ಜಮಾಬಂದಿ ನಿಯಮಗಳು 2004ರಿಂದ ಇವೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಅಧಿಕಾರಿಗಳು ಪಂಚಾಯತಿಗೆ ಬಂದು, ಊರವರ ಎದುರಿಗೆ ವಹಿ ಬಿಚ್ಚಿ ಕಾಮಗಾರಿ ನೋಡಬೇಕು. ಈಗ ಅವರು ಬೋರಿನ ಬಳಿ ನಿಂತು ಕೇಸಿಂಗ್ ನೋಡಿ ಟಿಕ್ ಹಾಕಿ ಹೋಗಬಹುದು; ಆಳದಲ್ಲಿ ಏನಿದೆ ಎಂದು ಕೇಳಲು ಅವರ ಕೈಯಲ್ಲಿ ಕಾಗದವೇ ಇಲ್ಲ. ಆಗಸ್ಟ್ 16ಕ್ಕೆ ಮುಂಚೆ ನಿಮ್ಮ ಸುತ್ತೋಲೆ ಹೊರಟು, ಕುಡಿಯುವ ನೀರಿನ ಬೋರುಗಳ ಮಟ್ಟಿಗಾದರೂ ಈ ಪಟ್ಟಿ ಜಮಾಬಂದಿಯ ಮೇಜಿನ ಮೇಲಿರಬೇಕೆಂದು ಕೋರುತ್ತೇನೆ. ಸುತ್ತೋಲೆಯ ಒಂದು ಪ್ರತಿ ಪಂಚಾಯತಿಯ ಸೂಚನಾ ಫಲಕಕ್ಕೂ ಬರಲಿ. ಓದಿ ಪ್ರಶ್ನೆ ಕೇಳುವ ಕೆಲಸ ನಮ್ಮದು.

ಇಂತಿ,
ಹೆಬ್ಬಳ್ಳಿಯ ಒಬ್ಬ ನೀರಿನ ಕರದಾರ