ಮುಳುಗಿದ ಊರುಗಳ ಮನೆಗಳು

ಇತಿಹಾಸವೆಂದೊಡನೆ ಅರಸರ ಹೆಸರುಗಳೂ ಕಾಳಗಗಳ ಇಸವಿಗಳೂ ನೆನಪಿಗೆ ಬರುವುದು ಸಹಜ. ಆದರೆ ಅನ್ನಕ್ಕೆ ಬೇಕಾದ ಧಾನ್ಯವನ್ನು ಬೀಸಿದವರಾರು, ಚಳಿಗೆ ಹೊದೆಯುವ ಕಂಬಳಿಯನ್ನು ನೆಯ್ದವರಾರು, ನೇಗಿಲಿನ ಗುಳವನ್ನು ಬಡಿದವರಾರು ಎಂಬ ಪ್ರಶ್ನೆಗಳಿಗೆ ಅಂತಹ ಇತಿಹಾಸದಲ್ಲಿ ಉತ್ತರ ದೊರೆಯುವುದು ವಿರಳ. ಯಂತ್ರೋದ್ಯಮದ ಭರಾಟೆಯಲ್ಲಿ ಹಳ್ಳಿಯ ಬಾಳು ಮರೆಯಾಗುತ್ತಿರುವುದನ್ನು ಕಂಡು ಸ್ವೀಡನ್ನಿನ ವಿದ್ವಾಂಸ ಆರ್ಟುರ್ ಹಜೇಲಿಯಸ್ 1891ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ‘ಸ್ಕಾನ್ಸೆನ್’ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದನು. ನಾಡಿನ ನಾನಾ ಭಾಗಗಳ ಹಳೆಯ ಮನೆಗಳನ್ನು ತಂದು ಅಲ್ಲಿ ಮತ್ತೆ ನಿಲ್ಲಿಸಲಾಯಿತು. ಮುಂದೆ ಅನೇಕ ದೇಶಗಳು ಈ ಮಾರ್ಗವನ್ನು ಹಿಡಿದುವು.

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ, ಮಾರಿಸ್‌ಬರ್ಗ್ ಎಂಬ ಊರಿನ ಬಳಿಯಿರುವ ‘ಅಪ್ಪರ್ ಕೆನಡಾ ವಿಲೇಜ್’ ಇಂತಹುದೇ ಒಂದು ಹಳ್ಳಿ. ಅದರ ಹುಟ್ಟಿನ ಹಿಂದೆ ಕರುಣಾಜನಕವಾದ ಕಥೆಯೊಂದಿದೆ. ಸೇಂಟ್ ಲಾರೆನ್ಸ್ ನದಿಯಲ್ಲಿ ದೊಡ್ಡ ಹಡಗುಗಳು ಸಂಚರಿಸುವಂತಾಗಲು, ಜೊತೆಗೆ ವಿದ್ಯುತ್ತನ್ನು ಪಡೆಯಲು ಅಣೆಕಟ್ಟುಗಳನ್ನು ಕಟ್ಟಲಾಯಿತು. 1958ರ ಜುಲೈ 1ರಂದು ನೀರನ್ನು ಹರಿಯಬಿಡಲಾಗಿ, ದಡದ ಹಲವಾರು ಊರುಗಳು ಜಲಸಮಾಧಿಯಾದುವು. ಸುಮಾರು 6,500 ಜನರು ಹುಟ್ಟಿ ಬೆಳೆದ ನೆಲೆಯನ್ನು ತೊರೆಯಬೇಕಾಯಿತು. ಆ ಊರುಗಳಿಂದ ಆಯ್ದ ಕೆಲವು ಕಟ್ಟಡಗಳನ್ನು ಮೊದಲೇ ಬೇರೆಡೆಗೆ ಸಾಗಿಸಲಾಗಿತ್ತು. ಅವುಗಳೊಡನೆ ಇತರ ಕಡೆಯ ಕಟ್ಟಡಗಳನ್ನೂ ಸೇರಿಸಿ ರೂಪಿಸಿದ ಹಳ್ಳಿಯು 1961ರಲ್ಲಿ ಜನರಿಗೆ ತೆರೆಯಿತು.

ಅಲ್ಲಿ ಕಾಲವು 1860ರ ದಶಕದಲ್ಲಿ ನಿಂತಿದೆ. ನೀರಿನ ಬಲದಿಂದ ತಿರುಗುವ ಗರಗಸವು ಮರದ ದಿಮ್ಮಿಗಳನ್ನು ಸೀಳುತ್ತದೆ. ಕಮ್ಮಾರನು ಕಾದ ಕಬ್ಬಿಣವನ್ನು ಬಡಿಯುತ್ತಾನೆ. ಉಣ್ಣೆಯ ಗಿರಣಿಯಲ್ಲಿ ನೂಲು ಕಂಬಳಿಯಾಗುತ್ತದೆ. ಅಂದಿನ ಉಡುಪನ್ನು ತೊಟ್ಟ ಕೆಲಸಗಾರರು ಕೆಲಸ ಮಾಡುತ್ತಲೇ ಅದರ ಮರ್ಮವನ್ನು ವಿವರಿಸುತ್ತಾರೆ. ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುವ ಮನೆಯಿಂದ ಬಂದ ಮಗುವಿಗೆ, ಒಂದು ಕಂಬಳಿಯ ಹಿಂದೆ ಎಷ್ಟು ಕೈಗಳಿವೆಯೆಂಬುದು ಇಲ್ಲಿ ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ. ದುಡಿಮೆಯೂ ಒಂದು ವಿದ್ಯೆಯೆಂಬ ಅರಿವು ಉಪದೇಶದಿಂದ ಬರುವುದಕ್ಕಿಂತ ಇಂತಹ ನೋಟದಿಂದ ಬೇಗ ಬರುತ್ತದೆ.

ಇದೆಲ್ಲವೂ ಬರಿಯ ನಾಟಕವೆಂದು ಆಕ್ಷೇಪಿಸುವವರೂ ಉಂಟು. ಸಂಜೆಯಾದೊಡನೆ ಕಮ್ಮಾರನು ವೇಷ ಕಳಚಿ ಕಾರಿನಲ್ಲಿ ಮನೆಗೆ ತೆರಳುತ್ತಾನೆ. ಅಂದಿನ ಹಸಿವು, ರೋಗ, ಶಿಶುಮರಣಗಳು ಈ ಚೊಕ್ಕಟವಾದ ಬೀದಿಯಲ್ಲಿ ಕಾಣಸಿಗವು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇದಕ್ಕಾಗಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯದಿರುವುದು ಸರಿಯಲ್ಲ. ಕಣ್ಣು ಕಂಡುದಕ್ಕೆ ಮಾತಿನ ಪೂರಣವನ್ನು ಒದಗಿಸುವುದು ಜೊತೆಯಲ್ಲಿರುವ ಹಿರಿಯರ ಹೊಣೆ.

ಹಿರಿಯರು ಮುಖ್ಯವಾಗಿ ಹೇಳಬೇಕಾದುದು, ಈ ನೆಲವು ಬರಿದಾಗಿರಲಿಲ್ಲವೆಂಬುದನ್ನು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷ್ ದೊರೆಗೆ ನಿಷ್ಠರಾಗಿದ್ದವರು 1784ರಲ್ಲಿ ಇಲ್ಲಿಗೆ ಬಂದು ಕಾಡು ಕಡಿದು ನೆಲೆಸಿದರು. ಅವರ ಸಾಹಸವು ಮೆಚ್ಚತಕ್ಕದ್ದೇ. ಆದರೆ ಅವರಿಗಿಂತ ಬಹಳ ಮೊದಲೇ ಈ ನದೀತೀರವು ಮೂಲನಿವಾಸಿಗಳ ನೆಲೆಯಾಗಿತ್ತು. ನದಿಯ ಮೇಲೆ ಜಲಮಾರ್ಗವನ್ನು ನಿರ್ಮಿಸಿದಾಗ, ಸಮೀಪದ ಅಕ್ವೆಸಾಸ್ನೆಯ ಮೋಹಾಕ್ ಜನರೂ ಭೂಮಿಯನ್ನು ಕಳೆದುಕೊಂಡರು. ವಲಸೆ ಬಂದವರ ಮನೆಗಳನ್ನು ಕಾಪಾಡಿ, ಮೊದಲಿದ್ದವರ ಹೆಸರನ್ನು ಮರೆತರೆ ಇತಿಹಾಸವು ಅರ್ಧವಾಗುತ್ತದೆ.

ನೋಡಿ ಕಲಿ, ಮಾಡಿ ತಿಳಿ ಎಂಬುದು ಹಿರಿಯರ ಮಾತು. ಅದಕ್ಕೆ ‘ಕೇಳಿ ಅರಿ’ ಎಂಬುದನ್ನೂ ಸೇರಿಸಿಕೊಳ್ಳಬೇಕು. ಇಂತಹ ಹಳ್ಳಿಯನ್ನು ನೋಡಿದ ಮಗು ಬೆರಗಿನೊಡನೆ ಮಾತ್ರ ಮನೆಗೆ ಹಿಂದಿರುಗಿದರೆ ಅದು ವಿಹಾರ, “ಇಲ್ಲಿ ಮೊದಲು ಯಾರಿದ್ದರು? ಅವರು ಎಲ್ಲಿಗೆ ಹೋದರು?” ಎಂಬ ಪ್ರಶ್ನೆಯನ್ನೂ ಹೊತ್ತು ಹಿಂದಿರುಗಿದರೆ, ಅದೇ ನಿಜವಾದ ಶಿಕ್ಷಣ.