ಮುನ್ನೂರು ಕೋಟಿ ಅಕ್ಷರ ಕಳಿಸುವುದು ಹೇಗೆ?

ಫರೀದಾಬಾದ್ ಅಂದರೆ ದಿಲ್ಲಿ ಕಡೆಯ ಕನ್ನಡಿಗರಿಗೆ ಟ್ರ್ಯಾಕ್ಟರ್ ಕಾರ್ಖಾನೆ, ಸೂರಜ್‌ಕುಂಡದ ಮೇಳ ನೆನಪಾಗುತ್ತವೆ. ಇಲ್ಲಿಂದ ಗುರುಗ್ರಾಮಕ್ಕೆ ಹೋಗುವ ರಸ್ತೆಯ ಬಯೋಟೆಕ್ ಕ್ಲಸ್ಟರಿನಲ್ಲಿ ಇನ್ನೊಂದು ಸಂಗತಿಯಿದೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ. ಸುಮಾರು 4 ಪೆಟಾಬೈಟ್ ಸಂಗ್ರಹ, ಜೊತೆಗೆ ‘ಬ್ರಹ್ಮ್’ ಎಂಬ ಸೂಪರ್ ಕಂಪ್ಯೂಟಿಂಗ್ ವ್ಯವಸ್ಥೆ.

ಸೂಪರ್ ಕಂಪ್ಯೂಟರ್ ಎಂದರೆ ಒಂದೇ ದೈತ್ಯ ಯಂತ್ರವಲ್ಲ. ಹತ್ತಾರು, ನೂರಾರು ಯಂತ್ರಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ, ಆಗಾಗ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಬೆಂಗಳೂರಿನ ಎನ್‌ಎಎಲ್ 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿದಾಗ ಈ ಮಾತುಕತೆಗೆ ಎಲ್ಲರೂ ಒಪ್ಪಿದ ರೀತಿ ಎಂಬುದೇ ಇರಲಿಲ್ಲ. ಯಂತ್ರ ಬದಲಾದರೆ ಪ್ರೋಗ್ರಾಮಿನ ಆ ಭಾಗವನ್ನು ಮತ್ತೆ ಬರೆಯಬೇಕು. 1994ರಲ್ಲಿ ಬಂದ ಎಂಪಿಐ, ಅಂದರೆ ಮೆಸೇಜ್ ಪಾಸಿಂಗ್ ಇಂಟರ್‌ಫೇಸ್, ಈ ಗೋಳನ್ನು ತಪ್ಪಿಸಿತು.

ಆದರೆ ಅದರಲ್ಲೊಂದು ಗೋಡೆ ಉಳಿದುಹೋಯಿತು. ಸಿ ಭಾಷೆಯಲ್ಲಿ ‘ಎಷ್ಟು ಕಳಿಸಬೇಕು’ ಎಂಬ ಸಂಖ್ಯೆಯನ್ನು ಇಂಟ್ ಎಂದು ಇಟ್ಟರು. ಈಗಿನ ಯಂತ್ರಗಳಲ್ಲಿ ಇಂಟ್ ಅಂದರೆ ಸಾಮಾನ್ಯವಾಗಿ 32 ಬಿಟ್, ಗರಿಷ್ಠ 214 ಕೋಟಿ 74 ಲಕ್ಷ ಚಿಲ್ಲರೆ. ಆ ಕಾಲಕ್ಕೆ ಅದು ಯಥೇಚ್ಛ. ಮನುಷ್ಯನ ಜೀನೋಮಿನಲ್ಲೋ 300 ಕೋಟಿಗೂ ಹೆಚ್ಚು ಅಕ್ಷರಗಳಿವೆ! ಅಕ್ಷರಕ್ಕೊಂದು ಬೈಟ್ ಎಂದು ಹಿಡಿದರೆ ಒಬ್ಬ ಮನುಷ್ಯನನ್ನೂ ಒಂದೇ ಸಲ ಕಳಿಸಲಾಗದು.

ಜನ ಉಪಾಯ ಕಂಡುಕೊಂಡರು. ಕಾಳು ಎಣಿಸುವ ಬದಲು ಮೂಟೆ ಎಣಿಸಿದ ಹಾಗೆ, ದೊಡ್ಡ ಕಟ್ಟನ್ನೇ ಒಂದು ಎಂದು ಲೆಕ್ಕ ಹಿಡಿದರು. ಇದು ಸರಳವಾಗಿ ಕಳಿಸುವಾಗ ಸರಿ. ಎಲ್ಲ ಯಂತ್ರಗಳ ಉತ್ತರಗಳನ್ನು ಕೂಡಿಸುವಂಥ ಕಡೆ ಕೈಕೊಡುತ್ತದೆ.

ಇಂಟ್ ಅನ್ನೇ ದೊಡ್ಡದು ಮಾಡಬಹುದಿತ್ತಲ್ಲ? ಮಾಡಿದ್ದರೆ ಇಪ್ಪತ್ತೈದು ವರ್ಷಗಳ ಪ್ರೋಗ್ರಾಮುಗಳು ಮುರಿದುಬೀಳುತ್ತಿದ್ದವು. 2021ರ ಜೂನಿನಲ್ಲಿ ಬಂದ ಎಂಪಿಐ 4.0 ಹಳೆಯದನ್ನು ಮುಟ್ಟಲಿಲ್ಲ. ಸಿ ಭಾಷೆಯಲ್ಲಿ ಇಂಥ ಸಂಖ್ಯೆ ಕೇಳುವ ಫಂಕ್ಷನ್‌ಗಳ ಪಕ್ಕಕ್ಕೆ ಬಾಲದಲ್ಲಿ ‘ಸಿ’ ಹಚ್ಚಿದ ಹೊಸ ಫಂಕ್ಷನ್ ಇಟ್ಟಿತು. ನೋಡಲು ಅಂದವಿಲ್ಲ, ಮಾನಕ ಸಾವಿರ ಪುಟ ದಾಟಿತು. ಆದರೂ ನನಗೆ ಇದೇ ಸರಿ ಅನಿಸುತ್ತದೆ. ಹವಾಮಾನದ ಹಳೇ ಕೋಡನ್ನು ಮತ್ತೆ ಬರೆಯಲು ಯಾರಿಗೆ ಪುರುಸೊತ್ತಿದೆ?

2025ರ ಎಂಪಿಐ 5.0 ಇನ್ನೊಂದು ತೊಡಕಿಗೆ ಕೈಹಾಕಿದೆ. ಎಂಪಿಐಸಿಎಚ್ ಮತ್ತು ಓಪನ್ ಎಂಪಿಐ ಎರಡರಲ್ಲೂ ಬರೆಯುವ ಕೋಡ್ ಒಂದೇ, ಆದರೆ ಒಂದರಲ್ಲಿ ಕಂಪೈಲ್ ಮಾಡಿದ್ದು ಇನ್ನೊಂದರಲ್ಲಿ ಓಡದು. ಯೂನಿಕೋಡ್ ಬರುವ ಮೊದಲು ಒಂದು ಫಾಂಟಿನಲ್ಲಿ ಟೈಪಿಸಿದ ಕನ್ನಡ ಇನ್ನೊಂದರಲ್ಲಿ ಗೊಣ್ಣೆ ಗೊಣ್ಣೆಯಾಗಿ ಕಾಣುತ್ತಿತ್ತಲ್ಲ, ಹಾಗೆ. ಈಗ ಎರಡಕ್ಕೂ ಸಲ್ಲುವ ಒಂದು ಬೈನರಿ ರೂಪವನ್ನು ಮಾನಕವೇ ಹೇಳಿದೆ.

ಆದರೆ ಮಾನಕ ಬೆಳೆದ ಮಾತ್ರಕ್ಕೆ ನಿಮ್ಮ ಕೋಡ್ ಬೆಳೆಯುವುದಿಲ್ಲ. ಉದ್ದವನ್ನು ಲೆಕ್ಕ ಹಾಕುವ ನಿಮ್ಮದೇ ವೇರಿಯಬಲ್ ಇನ್ನೂ ಇಂಟ್ ಆಗಿದ್ದರೆ, 214 ಕೋಟಿ ದಾಟಿದಾಗ ಅದು ಋಣ ಸಂಖ್ಯೆಯಾದೀತು. ಪ್ರೋಗ್ರಾಮ್ ಅಲ್ಲೇ ಬಿದ್ದರೆ ಪುಣ್ಯ. ಕೆಲವು ಸಲ ಬೀಳುವುದಿಲ್ಲ, ತಪ್ಪು ಉತ್ತರವನ್ನೇ ಕೊಟ್ಟು ಮುಗಿಸುತ್ತದೆ.